ಬೀಗ ಹಾಕುವ ಮೊದಲು ಊರನ್ನು ಕೇಳಿ: ಇಂಗ್ಲೆಂಡಿನ ಹಳೇ ಚರ್ಚ್‌ಗಳ ಬಗ್ಗೆ ಒಂದಿಷ್ಟು ಮಾತು

(ಇಂಗ್ಲೆಂಡಿನಲ್ಲಿರುವ ಕನ್ನಡಿಗರ ಕೂಟವೊಂದರಲ್ಲಿ ಆಡಿದ ಮಾತುಗಳ ಬರಹ ರೂಪ. ಹೆಚ್ಚುಕಮ್ಮಿ ಮಾತಾಡಿದ ಹಾಗೆಯೇ ಇಟ್ಟಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಮೊದಲು ಈ ಹಾಲ್ ಅನ್ನು ಒಮ್ಮೆ ಸುತ್ತ ನೋಡಿ. ನಾವು ಯುಗಾದಿ ಮಾಡಿದ್ದು ಇಲ್ಲೇ. ರಾಜ್ಯೋತ್ಸವಕ್ಕೆ ಹಳದಿ ಕೆಂಪು ಬಾವುಟ ಕಟ್ಟಿದ್ದು ಆ ಕಿಟಕಿಗೇ. ಶನಿವಾರ ಮಕ್ಕಳು ಅ ಆ ಇ ಈ ತಿದ್ದುವುದೂ ಇಲ್ಲೇ. ಇದು ಚರ್ಚಿನ ಹಾಲ್ ಅಂತ ನಮಗೆಲ್ಲ ಗೊತ್ತು. ಆದರೆ ಅಂಗಳದ ಆ ಕಡೆ ಇರುವ ಕಲ್ಲಿನ ಚರ್ಚಿನೊಳಗೆ ಎಷ್ಟು ಜನ ಹೋಗಿದ್ದೀರಿ? ಸ್ವಲ್ಪ ಕೈ ಎತ್ತಿ ನೋಡೋಣ.

ಏಳೆಂಟು ಕೈ. ಅದರಲ್ಲಿ ಅರ್ಧ ನಮ್ಮ ಕ್ರೈಸ್ತ ಬಂಧುಗಳದೇ. ಪರವಾಗಿಲ್ಲ. ಇವತ್ತು ನಾನು ಮಾತಾಡಲು ಬಂದಿರುವುದು ಆ ಕಲ್ಲಿನ ಕಟ್ಟಡದ ಬಗ್ಗೆಯೇ, ಮತ್ತು ಅಂಥ ಸಾವಿರಾರು ಕಟ್ಟಡಗಳ ಬಗ್ಗೆ.

ನನ್ನ ಕೆಲಸ ಇಷ್ಟು. ಹಳೇ ಚರ್ಚ್ ನೋಡಿಕೊಳ್ಳುವ ಸಣ್ಣ ಸಣ್ಣ ಸಭೆಗಳು, ಅಂದರೆ ಅಲ್ಲಿಗೆ ಪ್ರಾರ್ಥನೆಗೆ ಬರುವ ಜನ, "ಈ ಕಟ್ಟಡವನ್ನು ಮುಂದೆ ಏನು ಮಾಡೋಣ" ಎಂದು ಕೂತು ಯೋಚಿಸುವಾಗ ಅವರ ಜೊತೆ ಕೂರುವುದು. ಉತ್ತರ ನಾನು ಕೊಡುವುದಿಲ್ಲ. ಪ್ರಶ್ನೆ ಸರಿಯಾಗಿ ಕೇಳಿಕೊಳ್ಳಲು ಸಹಾಯ ಮಾಡುತ್ತೇನೆ.

ನಾನು ಹಾಸನದ ಕಡೆಯವನು. ಪಾಳುಬಿದ್ದ ಚರ್ಚ್ ಅಂದರೆ ನಮ್ಮ ಕಡೆಯವರಿಗೆ ತಕ್ಷಣ ನೆನಪಾಗುವುದು ಶೆಟ್ಟಿಹಳ್ಳಿ. ಹತ್ತೊಂಬತ್ತನೇ ಶತಮಾನದಲ್ಲಿ ಫ್ರೆಂಚ್ ಮಿಷನರಿಗಳು ಕಟ್ಟಿಸಿದ ಚರ್ಚ್ ಅದು. ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಕಟ್ಟಿದಾಗ ಹಿನ್ನೀರು ಬಂತು, ಊರು ಖಾಲಿಯಾಯಿತು, ಚರ್ಚ್ ಅಲ್ಲೇ ಉಳಿಯಿತು. ಮಳೆಗಾಲದಲ್ಲಿ ಮುಳುಗುತ್ತದೆ, ಬೇಸಿಗೆಯಲ್ಲಿ ಎದ್ದು ನಿಲ್ಲುತ್ತದೆ. ಜನ ಹೋಗಿ ಫೋಟೋ ತೆಗೆದುಕೊಂಡು ಬರುತ್ತಾರೆ. ಅಲ್ಲಿ ನೀರು ಬಂತು, ಜನ ಹೋದರು. ಇಲ್ಲಿ ಇಂಗ್ಲೆಂಡಿನಲ್ಲಿ ನೀರೇನೂ ಬರಲಿಲ್ಲ. ಊರು ಹಾಗೇ ಇದೆ, ಮನೆಗಳಲ್ಲಿ ದೀಪ ಉರಿಯುತ್ತಿದೆ. ಊರ ನಡುವಿನ ಕಟ್ಟಡ ಮಾತ್ರ ಮೆಲ್ಲಗೆ ಖಾಲಿಯಾಗುತ್ತಿದೆ. ಇದು ನನಗೆ ಆ ಹಿನ್ನೀರಿಗಿಂತ ಜಾಸ್ತಿ ಸಂಕಟ ಕೊಡುತ್ತದೆ, ಏಕೆಂದರೆ ಇದನ್ನು ತಡೆಯಬಹುದು.

ಸ್ವಲ್ಪ ಲೆಕ್ಕ ಹೇಳುತ್ತೇನೆ. ಇಲ್ಲಿನ ಅಧಿಕೃತ ಕ್ರೈಸ್ತ ಸಂಸ್ಥೆ ಚರ್ಚ್ ಆಫ್ ಇಂಗ್ಲೆಂಡ್. ಅದಕ್ಕೆ ಸುಮಾರು 16,000 ಚರ್ಚ್ ಕಟ್ಟಡಗಳಿವೆ. ಅದರಲ್ಲಿ 12,000ಕ್ಕೂ ಹೆಚ್ಚು ಕಾನೂನಿನ ರಕ್ಷಣೆ ಇರುವ ಪಾರಂಪರಿಕ ಕಟ್ಟಡಗಳು. ನಿಯಮಿತವಾಗಿ ಪ್ರಾರ್ಥನೆಗೆ ಬರುವವರು ಸುಮಾರು 10 ಲಕ್ಷ ಜನ. ಭಾಗಿಸಿ ನೋಡಿದರೆ ಒಂದು ಚರ್ಚಿಗೆ ಅರವತ್ತು ಚಿಲ್ಲರೆ ಜನ. ಆದರೆ ಇದು ಸರಾಸರಿ. ನಗರದ ಕೆಲವು ಚರ್ಚ್‌ಗಳಲ್ಲಿ ನೂರಾರು ಜನ ಸೇರುತ್ತಾರೆ. ಹಳ್ಳಿಗೆ ಹೋದರೆ ಎಂಟು ನೂರು ವರ್ಷ ಹಳೆಯ ಕಟ್ಟಡ, ಎತ್ತರದ ಗೋಪುರ, ಸೀಸದ ತಗಡಿನ ಚಾವಣಿ, ಬಣ್ಣದ ಗಾಜು, ಇಷ್ಟನ್ನೂ ಹನ್ನೆರಡು ಜನ ಹಿರಿಯರು ಹೆಗಲ ಮೇಲೆ ಹೊತ್ತಿರುತ್ತಾರೆ.

ಇಲ್ಲಿ ಒಂದು ತಪ್ಪು ತಿಳಿವಳಿಕೆ ಇದೆ. ಚರ್ಚ್ ಆಫ್ ಇಂಗ್ಲೆಂಡ್ ಅಂದರೆ ರಾಜರ ಚರ್ಚ್ ಅಲ್ವಾ, ಸರ್ಕಾರವೇ ರಿಪೇರಿ ಮಾಡಿಸುತ್ತದೆ ಎಂದು ನಮ್ಮವರು ತುಂಬಾ ಜನ ಅಂದುಕೊಂಡಿದ್ದಾರೆ. ನಮ್ಮಲ್ಲಿ ಮುಜರಾಯಿ ಇಲಾಖೆ ನೋಡಿ ಬೆಳೆದವರಿಗೆ ಹಾಗೆ ಅನ್ನಿಸುವುದು ಸಹಜ. ಹಾಗಿಲ್ಲ. ಊರ ಚರ್ಚಿನ ರಿಪೇರಿಯ ಹೊಣೆ ಆ ಊರಿನ ಚರ್ಚ್ ಕಮಿಟಿಯದು. ಅವರೆಲ್ಲ ಸಂಬಳವಿಲ್ಲದೆ ದುಡಿಯುವವರು. ನಿವೃತ್ತ ಮೇಷ್ಟ್ರು, ರೈತರು, ನರ್ಸ್ ಆಗಿದ್ದವರು. ಸರ್ಕಾರದಿಂದ ಬರುತ್ತಿದ್ದ ಒಂದು ಮುಖ್ಯ ಸಹಾಯ ಎಂದರೆ, ರಿಪೇರಿ ಮೇಲೆ ಕಟ್ಟಿದ 20% ವ್ಯಾಟ್ ತೆರಿಗೆಯನ್ನು ವಾಪಸ್ ಕೊಡುವ ಯೋಜನೆ. 2001ರಲ್ಲಿ ಶುರುವಾದದ್ದು. 2025ರಲ್ಲಿ ಅದಕ್ಕೂ ವರ್ಷಕ್ಕೆ ಒಂದು ಕಟ್ಟಡಕ್ಕೆ 25,000 ಪೌಂಡ್ ಎಂದು ಮಿತಿ ಹಾಕಿದರು. ದೊಡ್ಡ ಗೋಪುರದ ಕೆಲಸ ಹಿಡಿದಿದ್ದ ಕಮಿಟಿಗಳಿಗೆ ಅದು ಎಂಥ ಪೆಟ್ಟು ಎಂದು ಊಹಿಸಿಕೊಳ್ಳಿ.

ಹಾಗಾದರೆ ಇವರಿಗೆ ಸಹಾಯ ಮಾಡುವುದು ಹೇಗೆ?

ನಾನು ಈ ಕೆಲಸಕ್ಕೆ ಬಂದ ಹೊಸದರಲ್ಲಿ ನೋಡಿದ ಒಂದು ಚರ್ಚಿನ ಕಥೆ ಹೇಳುತ್ತೇನೆ. ಊರ ಹೆಸರು ಬೇಡ. ಅಲ್ಲಿ ಗೋಪುರಕ್ಕೂ ಚಾವಣಿಗೂ ನಡುವೆ ಮಳೆನೀರು ಹರಿದು ಹೋಗುವ ಒಂದು ಕಾಲುವೆ ಇತ್ತು. ಪಾರಿವಾಳದ ಗೂಡು, ಒಣಗಿದ ಎಲೆ ಸೇರಿ ಅದು ಕಟ್ಟಿಕೊಂಡಿತು. ಏಣಿ ಇಟ್ಟು ಯಾರಾದರೂ ಮೇಲೆ ಹತ್ತಿ ಕೈಯಿಂದ ಎತ್ತಿ ಹಾಕಿದ್ದರೆ ಮುಗಿಯುತ್ತಿತ್ತು. ಆದರೆ ಕಮಿಟಿಯಲ್ಲಿ ಏಣಿ ಹತ್ತುವ ವಯಸ್ಸಿನವರು ಒಬ್ಬರೂ ಇರಲಿಲ್ಲ. ಹೊರಗಿನವರನ್ನು ಕರೆಸಲು ಆ ವರ್ಷ ದುಡ್ಡಿರಲಿಲ್ಲ. ಮುಂದಿನ ವರ್ಷ ನೋಡೋಣ ಅಂದರು. ಮೂರು ಚಳಿಗಾಲ ಕಳೆಯಿತು. ನೀರು ಗೋಡೆಯೊಳಗೆ ಇಳಿಯಿತು, ತೊಲೆಯ ತುದಿ ಕೊಳೆಯಿತು, ಗಾರೆ ಬೆಂಚಿನ ಮೇಲೆ ಉದುರಿತು. ಅಪಾಯ ಎಂದು ಬಾಗಿಲು ಹಾಕಿದರು. ನಾನು ಹೋದಾಗ ಕೀಲಿ ಇಟ್ಟುಕೊಂಡಿದ್ದ ಅಜ್ಜಿ ಬಾಗಿಲು ತೆಗೆದು ಒಳಗೆ ಬರಲಿಲ್ಲ, ಹೊಸ್ತಿಲ ಹೊರಗೇ ನಿಂತರು. ಅವರ ಮದುವೆ ಅಲ್ಲೇ ಆಗಿತ್ತು. ಆ ಮೇಲೆ ಊರಲ್ಲಿ ಸಭೆ ಕರೆದಾಗ ಎಂಬತ್ತು ಜನ ಬಂದರು! "ನಮಗೆ ಗೊತ್ತೇ ಇರಲಿಲ್ಲ, ಒಂದು ಮಾತು ಕೇಳಿದ್ದರೆ ನಾವು ಬರುತ್ತಿದ್ದೆವಲ್ಲ" ಎಂದು ಎಷ್ಟೋ ಜನ ಹೇಳಿದರು. ಅದರಲ್ಲಿ ಚಾವಣಿ ಕೆಲಸ ಮಾಡುವ ಒಬ್ಬ ಹುಡುಗನೂ ಇದ್ದ. ಚರ್ಚಿನ ಎದುರು ಮನೆಯವನು.

ಆ ದಿನದಿಂದ ನಾನು ಹೋದ ಕಡೆಯೆಲ್ಲ ಹೇಳುವುದು ಒಂದೇ. ಕೈಯಲ್ಲಿ ಶಕ್ತಿ ಇರುವಾಗಲೇ ಊರನ್ನು ಕೇಳಿ. ಚಾವಣಿ ಸೋರಿದ ಮೇಲೆ ಕೇಳಿದರೆ ಅದು ಬರೀ ದುಡ್ಡಿನ ಬೇಡಿಕೆ ಆಗಿಬಿಡುತ್ತದೆ. ಮೊದಲೇ ಕೇಳಿದರೆ ಅದು ಮಾತುಕತೆ.

ಕೇಳುವುದು ಹೇಗೆ ಅಂದರೆ, ನಾವು ಮೊದಲು ಒಂದು ದೊಡ್ಡ ಹಾಳೆಯಲ್ಲಿ ವಾರದ ಗಂಟೆಗಳನ್ನು ಬರೆಯುತ್ತೇವೆ. ವಾರಕ್ಕೆ 168 ಗಂಟೆ. ಅದರಲ್ಲಿ ಚರ್ಚ್ ಬಳಕೆಯಾಗುವ ಗಂಟೆಗೆ ಬಣ್ಣ ಹಚ್ಚಿ ಅನ್ನುತ್ತೇನೆ. ಭಾನುವಾರ ಬೆಳಿಗ್ಗೆ ಒಂದೂವರೆ ಗಂಟೆ. ಗಂಟೆ ಬಾರಿಸುವವರ ಅಭ್ಯಾಸ ಒಂದು ಗಂಟೆ. ಮುಗಿಯಿತು. ಉಳಿದ ಹಾಳೆ ಪೂರ್ತಿ ಬಿಳಿ. ಮಾತಿನಲ್ಲಿ ಹೇಳಿದಾಗ ಯಾರಿಗೂ ಏನೂ ಅನ್ನಿಸುವುದಿಲ್ಲ, ಆ ಬಿಳಿ ಹಾಳೆ ನೋಡಿದಾಗ ಎಲ್ಲರೂ ಸುಮ್ಮನಾಗುತ್ತಾರೆ.

ಆಮೇಲೆ ಊರು ಸುತ್ತುತ್ತೇವೆ. ನಿಜವಾಗಿ ನಡೆದುಕೊಂಡು. ಅಂಚೆ ಕಚೇರಿ ಎಲ್ಲಿತ್ತು, ಯಾವಾಗ ಮುಚ್ಚಿತು? ಅಂಗಡಿ ಇದೆಯಾ? ಪಬ್ ನಡೆಯುತ್ತಿದೆಯಾ? ಬಸ್ ದಿನಕ್ಕೆ ಎಷ್ಟು? ಚಿಕ್ಕ ಮಕ್ಕಳ ತಾಯಂದಿರು ಎಲ್ಲಿ ಸೇರುತ್ತಾರೆ? ಒಂಟಿಯಾಗಿರುವ ವಯಸ್ಸಾದವರು ಯಾರ ಜೊತೆ ಮಾತಾಡುತ್ತಾರೆ? ಆ ಪಟ್ಟಿ ಕೈಗೆ ಬಂದ ಮೇಲೆ "ಚರ್ಚ್ ಉಳಿಸುವುದು ಹೇಗೆ" ಎಂಬ ಪ್ರಶ್ನೆ ತಾನಾಗಿ ಬದಲಾಗುತ್ತದೆ. "ಈ ಊರಿಗೆ ಏನು ಇಲ್ಲ, ಅದಕ್ಕೆ ಈ ಕಟ್ಟಡ ಜಾಗ ಕೊಡಬಹುದಾ" ಎಂದು ಕೇಳಲು ಶುರು ಮಾಡುತ್ತಾರೆ.

ಹೆರೆಫರ್ಡ್‌ಶೈರ್‌ನಲ್ಲಿ ಯಾರ್ಪೋಲ್ ಅಂತ ಒಂದು ಸಣ್ಣ ಹಳ್ಳಿ ಇದೆ. ಅಲ್ಲಿನ ಸೇಂಟ್ ಲಿಯೊನಾರ್ಡ್ ಚರ್ಚಿನ ಗಂಟೆ ಗೋಪುರ ಚರ್ಚಿಗೆ ಅಂಟಿಕೊಳ್ಳದೆ ಬೇರೆಯಾಗಿ ನಿಂತಿದೆ, ನೋಡಲು ಬಹಳ ಚೆಂದ. ಊರ ಅಂಗಡಿ ಉಳಿಯುವುದು ಕಷ್ಟವಾದಾಗ ಜನರೇ ಸೇರಿ ಸಮುದಾಯದ ಅಂಗಡಿ ಮಾಡಿಕೊಂಡರು. ಅದಕ್ಕೆ ಸರಿಯಾದ ಜಾಗ ಬೇಕಿತ್ತು. ಚರ್ಚಿಗೆ ಜನ ಬೇಕಿತ್ತು. 2009ರಲ್ಲಿ ಅಂಗಡಿ ಮತ್ತು ಅಂಚೆ ಕಚೇರಿ ಚರ್ಚಿನೊಳಗೇ ಬಂತು. ಪ್ರಾರ್ಥನೆ ನಿಂತಿಲ್ಲ. ಹಾಲು, ಬ್ರೆಡ್ಡಿಗೆ ಬಂದವರು ಬಾಗಿಲು ದಾಟಿ ಒಳಗೆ ಬರುತ್ತಾರೆ, ಅಷ್ಟೇ ಸಾಕು. ಅದೇ ಜಿಲ್ಲೆಯ ಹೆರೆಫರ್ಡ್ ಪಟ್ಟಣದ ಆಲ್ ಸೇಂಟ್ಸ್ ಚರ್ಚಿನಲ್ಲಿ 1997ರಿಂದ ಕೆಫೆ ಇದೆ, ಚರ್ಚಿನ ಒಳಗೇ. ಲಂಡನ್ನಿನ ವೆಸ್ಟ್ ಹ್ಯಾಂಪ್‌ಸ್ಟೆಡ್‌ನಲ್ಲಿ ಸೇಂಟ್ ಜೇಮ್ಸ್ ಚರ್ಚ್ 2014ರಲ್ಲಿ ಅಂಚೆ ಕಚೇರಿ, ಕೆಫೆ, ಮಕ್ಕಳ ಆಟದ ಜಾಗ ಮೂರನ್ನೂ ಒಳಗೆ ತಂದಿತು.

ದೇವರ ಮನೆಯಲ್ಲಿ ವ್ಯಾಪಾರವಾ ಎಂದು ಕೆಲವರಿಗೆ ಅನ್ನಿಸಬಹುದು. ಈ ಪ್ರಶ್ನೆಯನ್ನು ನಾನು ಎಂದೂ ಹಗುರವಾಗಿ ತೆಗೆದುಕೊಂಡಿಲ್ಲ. ಪ್ರತಿ ಊರಲ್ಲೂ ಇದನ್ನು ಕೇಳುವ ಒಬ್ಬರಾದರೂ ಇರುತ್ತಾರೆ, ಮತ್ತು ಸಾಮಾನ್ಯವಾಗಿ ಅವರೇ ನಲವತ್ತು ವರ್ಷದಿಂದ ಅಲ್ಲಿ ಹೂ ಜೋಡಿಸಿದವರು, ನೆಲ ಒರೆಸಿದವರು. ಅವರ ನೋವು ನಿಜವಾದದ್ದು. ನಾನು ಅವರಿಗೆ ಹೇಳುವುದು ಹಳೇ ಕಥೆ. ಮಧ್ಯಯುಗದಲ್ಲಿ ಬಲಿಪೀಠ ಇರುವ ಭಾಗ ಪಾದ್ರಿಗಳದು, ಜನ ನಿಲ್ಲುವ ದೊಡ್ಡ ಭಾಗ ಊರಿನದು. ಅಲ್ಲಿ ಆಗ ಇಷ್ಟು ಬೆಂಚುಗಳೇ ಇರಲಿಲ್ಲ. ಊರ ಸಭೆ, ಹಬ್ಬದ ಊಟ ಅಲ್ಲಿ ನಡೆಯುತ್ತಿತ್ತು. ಚರ್ಚಿನ ಅಂಗಳದಲ್ಲಿ ಸಂತೆ ಕೂಡಬಾರದು ಎಂದು 1285ರಲ್ಲಿ ರಾಜರೇ ಕಾನೂನು ಮಾಡಬೇಕಾಯಿತು ಅಂದರೆ ಎಷ್ಟು ಜೋರಾಗಿ ಸಂತೆ ಕೂಡುತ್ತಿತ್ತೋ ನೋಡಿ. ನಮ್ಮ ಊರುಗಳಲ್ಲೂ ಗುಡಿಯ ಪೌಳಿಯಲ್ಲಿ ಶಾಲೆ ನಡೆದಿದೆ, ಗುಡಿಕಟ್ಟೆ ಮೇಲೆ ಪಂಚಾಯ್ತಿ ನಡೆದಿದೆ, ದಾರಿಹೋಕರು ಜಗಲಿಯಲ್ಲಿ ಮಲಗಿದ್ದಾರೆ. ಗರ್ಭಗುಡಿ ಗರ್ಭಗುಡಿಯಾಗಿಯೇ ಇತ್ತು. ಹಾಗೆಯೇ ಇಲ್ಲೂ ಒಂದು ಭಾಗವನ್ನು ಪ್ರಾರ್ಥನೆಗೆ ಎಂದು ಶಾಂತವಾಗಿ ಉಳಿಸಿಕೊಂಡು, ಉಳಿದದ್ದನ್ನು ಊರಿಗೆ ತೆರೆಯಬಹುದು. ಎಲ್ಲಿ ಗೆರೆ ಎಳೆಯಬೇಕು ಎಂಬುದನ್ನು ಮಾತ್ರ ಅಲ್ಲಿ ಪ್ರಾರ್ಥನೆಗೆ ಬರುವ ಸಭೆಯವರೇ ತೀರ್ಮಾನಿಸಬೇಕು, ನಾನಲ್ಲ, ಆರ್ಕಿಟೆಕ್ಟ್ ಅಲ್ಲ.

ಈಗ ಸ್ವಲ್ಪ ಕಷ್ಟದ ಭಾಗ. ಆಸೆ ಪಟ್ಟ ಮಾತ್ರಕ್ಕೆ ಆಗುವುದಿಲ್ಲ. ಎಷ್ಟೋ ಹಳ್ಳಿ ಚರ್ಚ್‌ಗಳಲ್ಲಿ ಇವತ್ತಿಗೂ ನಲ್ಲಿ ಇಲ್ಲ, ಟಾಯ್ಲೆಟ್ ಇಲ್ಲ. ಒಂದು ಟಾಯ್ಲೆಟ್ ಹಾಕಬೇಕೆಂದರೆ ಒಳಚರಂಡಿ ಪೈಪು ಸಮಾಧಿ ಅಂಗಳ ದಾಟಿ ಹೋಗಬೇಕು, ಅಲ್ಲಿ ನೆಲ ಅಗೆಯುವಾಗ ಪುರಾತತ್ವದವರು ನಿಂತು ನೋಡಬೇಕು. ಚಾವಣಿಯಲ್ಲಿ ಬಾವಲಿ ಇದ್ದರೆ ಅದಕ್ಕೂ ಕಾನೂನಿನ ರಕ್ಷಣೆ ಇದೆ. ಒಳಗೆ ದೊಡ್ಡ ಬದಲಾವಣೆ ಮಾಡಲು ಡಯಾಸಿಸ್‌ನಿಂದ, ಅಂದರೆ ಬಿಷಪ್ಪರ ಆಡಳಿತ ಪ್ರಾಂತ್ಯದಿಂದ, ಫ್ಯಾಕಲ್ಟಿ ಎಂಬ ಅನುಮತಿ ಬೇಕು. ಅದಕ್ಕೆ ಎರಡು ಬರಹ ಕೊಡಬೇಕು. ಈ ಕಟ್ಟಡದ ಮಹತ್ವ ಏನು ಎಂಬುದು ಒಂದು, ನಮಗೆ ಏನು ಬೇಕು, ಯಾಕೆ ಬೇಕು ಎಂಬುದು ಇನ್ನೊಂದು. ಕಮಿಟಿಯವರು ಇದನ್ನು ಬರೀ ಕಾಗದ ಪತ್ರದ ಕಾಟ ಅಂದುಕೊಳ್ಳುತ್ತಾರೆ. ಆದರೆ ಇವೆರಡನ್ನು ಬರೆಯಲು ಕೂತಾಗಲೇ ನಿಜವಾದ ಯೋಚನೆ ಶುರುವಾಗುತ್ತದೆ. ಮಹತ್ವ ಬರೆಯುವಾಗ ಒಬ್ಬರಿಗೆ ತಾತ ಕೆತ್ತಿದ ಬೆಂಚು ನೆನಪಾಗುತ್ತದೆ, ಇನ್ನೊಬ್ಬರಿಗೆ ಯುದ್ಧದಲ್ಲಿ ಸತ್ತವರ ಹೆಸರಿನ ಫಲಕ. ಏನನ್ನು ಮುಟ್ಟಬಾರದು ಎಂಬುದು ಗೊತ್ತಾದರೆ ಏನನ್ನು ಸರಿಸಬಹುದು ಎಂಬುದೂ ಗೊತ್ತಾಗುತ್ತದೆ.

ಇನ್ನೊಂದು ಕಾಗದ ಎಲ್ಲ ಚರ್ಚಿನ ಕಪಾಟಿನಲ್ಲೂ ಇರುತ್ತದೆ. 1955ರಿಂದ ಬಂದಿರುವ ನಿಯಮದ ಪ್ರಕಾರ ಐದು ವರ್ಷಕ್ಕೊಮ್ಮೆ ತಜ್ಞರು ಬಂದು ಕಟ್ಟಡ ತಪಾಸಣೆ ಮಾಡಿ ವರದಿ ಕೊಡಬೇಕು. ಯಾವುದು ತಕ್ಷಣ, ಯಾವುದು ಎರಡು ವರ್ಷದೊಳಗೆ, ಯಾವುದು ಕಾಯಬಹುದು ಎಂದು ಅದರಲ್ಲಿ ವಿಂಗಡಿಸಿ ಬರೆದಿರುತ್ತಾರೆ. ದಯವಿಟ್ಟು ಅದನ್ನು ಓದಿ ಅನ್ನುತ್ತೇನೆ. ಊರಿನ ಸಭೆಯಲ್ಲಿ ಜೋರಾಗಿ ಓದಿ. ಮುಚ್ಚಿಟ್ಟರೆ ಯಾರಿಗೂ ಲಾಭವಿಲ್ಲ.

ದುಡ್ಡಿನ ವಿಷಯದಲ್ಲಿ ನಾನು ಕಂಡ ದೊಡ್ಡ ತಪ್ಪು ಒಂದಿದೆ. ಕಟ್ಟುವ ದುಡ್ಡು ಹೊಂದಿಸುತ್ತಾರೆ, ನಡೆಸುವ ದುಡ್ಡು ಮರೆಯುತ್ತಾರೆ. ಚೆಂದದ ಅಡುಗೆಮನೆ ಬಂತು ಸರಿ, ಬೆಳಿಗ್ಗೆ ಎದ್ದು ಬಾಗಿಲು ತೆಗೆಯುವವರು ಯಾರು? ಬುಕಿಂಗ್ ನೋಡುವವರು ಯಾರು? ಹೀಟರ್ ಬಿಲ್ಲು ಯಾರದು? ಈ ಹೆಸರುಗಳನ್ನು ಬರೆಯುವವರೆಗೂ ಯೋಜನೆ ಇನ್ನೂ ಶುರುವಾಗಿಲ್ಲ ಎಂದೇ ನಾನು ತಿಳಿಯುತ್ತೇನೆ.

ಇಂಥ ಸಹಾಯಕ್ಕೆ ಜನ ಬೇಕು ಎಂಬುದನ್ನು ಸರ್ಕಾರವೂ ಒಮ್ಮೆ ಪ್ರಯೋಗ ಮಾಡಿ ನೋಡಿತು. 2018ರಿಂದ 2020ರವರೆಗೆ ಮ್ಯಾಂಚೆಸ್ಟರ್ ಸುತ್ತಮುತ್ತ ಮತ್ತು ಸಫೋಕ್‌ನಲ್ಲಿ ಎರಡು ಬಗೆಯ ಸಲಹೆಗಾರರನ್ನು ಇಟ್ಟರು. ಒಬ್ಬರು ಕಟ್ಟಡ ನೋಡುವವರು, ಇನ್ನೊಬ್ಬರು ಊರಿನ ಜನರ ಜೊತೆ ಕೆಲಸ ಮಾಡುವವರು. ಸಣ್ಣ ರಿಪೇರಿಗೆ ಸಣ್ಣ ಅನುದಾನವನ್ನೂ ಕೊಟ್ಟರು. ಈ ಜೋಡಿ ಸರಿಯಾದದ್ದು ಎಂದು ನನ್ನ ಗಟ್ಟಿ ಅಭಿಪ್ರಾಯ. ಕಲ್ಲು ಗೊತ್ತಿದ್ದವರೂ ಬೇಕು, ಜನ ಗೊತ್ತಿದ್ದವರೂ ಬೇಕು. ಅದು ಇಡೀ ದೇಶಕ್ಕೆ ಸಿಗಬೇಕಿತ್ತು.

ಎಲ್ಲ ಚರ್ಚೂ ಉಳಿಯುತ್ತದೆ ಎಂದು ನಾನು ಹೇಳುವುದಿಲ್ಲ. ಹೇಳಿದರೆ ಸುಳ್ಳಾಗುತ್ತದೆ. ಕೆಲವು ಕಡೆ ವಾರದ ಆರಾಧನೆ ನಿಲ್ಲಿಸಿ ಕ್ರಿಸ್ಮಸ್, ಈಸ್ಟರ್, ಸುಗ್ಗಿ ಹಬ್ಬ, ಮದುವೆ, ಸಾವು, ಇಷ್ಟಕ್ಕೆ ಮಾತ್ರ ತೆರೆಯುತ್ತಾರೆ. ಹಬ್ಬದ ಚರ್ಚ್ ಎಂದೇ ಅದನ್ನು ಕರೆಯುತ್ತಾರೆ. ಅದು ಸೋಲಲ್ಲ, ಉಸಿರಾಡಲು ಸಿಕ್ಕ ಸಮಯ. ಇನ್ನು ಕೆಲವನ್ನು ಮುಚ್ಚಲೇಬೇಕಾಗುತ್ತದೆ. ಮುಚ್ಚಿದವುಗಳಲ್ಲಿ ತುಂಬಾ ಮಹತ್ವದ 350ಕ್ಕೂ ಹೆಚ್ಚು ಚರ್ಚ್‌ಗಳನ್ನು 1969ರಲ್ಲಿ ಶುರುವಾದ ಒಂದು ಟ್ರಸ್ಟ್ ನೋಡಿಕೊಳ್ಳುತ್ತಿದೆ, ಈಗ ಅದರ ಹೆಸರು ಚರ್ಚಸ್ ಕನ್ಸರ್ವೇಷನ್ ಟ್ರಸ್ಟ್. ಸ್ಕಾಟ್ಲೆಂಡಿನಲ್ಲಿ ಕಥೆ ಇನ್ನೂ ಕಠಿಣ. ಅಲ್ಲಿನ ಚರ್ಚ್ ಆಫ್ ಸ್ಕಾಟ್ಲೆಂಡ್ ಸಂಸ್ಥೆ 2021ರಲ್ಲಿ ತನ್ನದೇ ಕಾಯ್ದೆ ಮಾಡಿ, ಯಾವ ಕಟ್ಟಡ ಇಟ್ಟುಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂದು ಪ್ರತಿ ಪ್ರದೇಶವೂ ಯೋಜನೆ ಮಾಡಲೇಬೇಕು ಎಂದಿತು. ಅಲ್ಲಿ ಈಗ ಸಾಲುಸಾಲಾಗಿ ಚರ್ಚ್‌ಗಳು ಮಾರಾಟಕ್ಕಿವೆ.

ಮುಚ್ಚಿದ ಮೇಲೂ ಬದುಕು ಇರಬಹುದು. ಬೋಲ್ಟನ್‌ನ ಆಲ್ ಸೋಲ್ಸ್ ನನಗೆ ತುಂಬಾ ಇಷ್ಟ. 1881ರಲ್ಲಿ ಮುಗಿದ ದೊಡ್ಡ ಇಟ್ಟಿಗೆಯ ಚರ್ಚ್, ಹತ್ತಿ ಗಿರಣಿ ಕೆಲಸಗಾರರಿಗಾಗಿ ಕಟ್ಟಿದ್ದು. ಗಿರಣಿ ಹೋದವು, ಹಳೇ ಜನ ಹೋದರು, ಸುತ್ತಲ ಬೀದಿಗಳಿಗೆ ನಮ್ಮ ಗುಜರಾತಿನ ಕಡೆಯ ಮುಸ್ಲಿಂ ಕುಟುಂಬಗಳು ಬಂದವು. 1986ರಲ್ಲಿ ಚರ್ಚ್ ಮುಚ್ಚಿತು. ಅದನ್ನು ಮತ್ತೆ ತೆರೆಯಬೇಕು ಎಂದು ಮುಂದೆ ನಿಂತು ದುಡಿದವರು ಅದೇ ಬೀದಿಗಳ ಮುಸ್ಲಿಂ ನಿವಾಸಿಯೊಬ್ಬರು ಮತ್ತು ಅವರ ಜೊತೆಗಾರರು. ಹಳೇ ಗೋಡೆಯನ್ನು ಮುಟ್ಟದೆ ಒಳಗೆ ಹೊಸ ಕೋಣೆಗಳನ್ನು ದೊಡ್ಡ ಪೆಟ್ಟಿಗೆ ಇಟ್ಟ ಹಾಗೆ ಇಟ್ಟರು. 2014ರಲ್ಲಿ ಅದು ಊರಿನ ಸಮುದಾಯ ಕೇಂದ್ರವಾಗಿ ತೆರೆಯಿತು. ಆ ಚರ್ಚಿನಲ್ಲಿ ಅವರ ಅಜ್ಜ ಅಜ್ಜಿಯರ ಮದುವೆ ಆಗಿರಲಿಲ್ಲ. ಆದರೂ ಅದು ಅವರ ಬೀದಿಯ ಕಟ್ಟಡ, ಅವರು ದಿನಾ ಕಿಟಕಿಯಿಂದ ನೋಡುತ್ತಿದ್ದ ಗೋಪುರ. ಲಂಡನ್ನಿನ ಬ್ರಿಕ್ ಲೇನ್‌ನಲ್ಲಿ ಇನ್ನೊಂದು ಕಟ್ಟಡವಿದೆ. 1743ರಲ್ಲಿ ಫ್ರಾನ್ಸಿನಿಂದ ಓಡಿಬಂದ ಪ್ರಾಟೆಸ್ಟೆಂಟರ ಚರ್ಚ್, ಆಮೇಲೆ ಮೆಥಡಿಸ್ಟರದು, 1898ರಲ್ಲಿ ಯಹೂದಿಗಳ ಸಿನಗಾಗ್, 1976ರಿಂದ ಬಂಗಾಳಿಗಳ ಮಸೀದಿ. ಬಂದ ಬಂದ ಜನಕ್ಕೆಲ್ಲ ಆ ನಾಲ್ಕು ಗೋಡೆ ಸೂರು ಕೊಟ್ಟಿದೆ.

ಇಷ್ಟು ಹೇಳಿದ್ದು ಯಾಕೆಂದರೆ, ಈಗ ನಿಮ್ಮ ವಿಷಯಕ್ಕೆ ಬರುತ್ತೇನೆ. ನಾವು ಇಲ್ಲಿ ಗಂಟೆಗೆ ಇಷ್ಟು ಎಂದು ಬಾಡಿಗೆ ಕೊಟ್ಟು, ಹಬ್ಬ ಮಾಡಿ, ಕುರ್ಚಿ ಜೋಡಿಸಿ, ನೆಲ ಗುಡಿಸಿ ಹೋಗುತ್ತೇವೆ. ಒಳ್ಳೆಯ ಬಾಡಿಗೆದಾರರು ನಾವು. ಆದರೆ ನಾವು ಈ ಊರಿನವರೂ ಹೌದು ಅಲ್ವಾ? ಕಮಿಟಿಯವರು ವಾರದ ಹಾಳೆಗೆ ಬಣ್ಣ ಹಚ್ಚುವಾಗ ಶನಿವಾರದ ಆ ಮೂರು ಗಂಟೆ ನಮ್ಮದು. ಎಷ್ಟೋ ಊರುಗಳಲ್ಲಿ ಊರಿನ ಸಭೆಗೆ ಬಾಡಿಗೆದಾರರನ್ನು ಕರೆಯಬೇಕೆಂದು ಯಾರಿಗೂ ಹೊಳೆಯುವುದಿಲ್ಲ, ಬಾಡಿಗೆದಾರರಿಗೂ ಹೋಗಬೇಕೆಂದು ಹೊಳೆಯುವುದಿಲ್ಲ. ಹಾಲ್ ಮಾರಾಟವಾದ ದಿನ ಇಬ್ಬರಿಗೂ ಒಟ್ಟಿಗೆ ಗೊತ್ತಾಗುತ್ತದೆ. ಕಾನೂನು ಕೂಡ ನಿಮ್ಮ ಕಡೆಗಿದೆ. ಚರ್ಚ್ ಆಫ್ ಇಂಗ್ಲೆಂಡಿನ ಒಂದು ಚರ್ಚನ್ನು ಮುಚ್ಚುವ ಪ್ರಸ್ತಾಪ ಬಂದಾಗ ಅದರ ಬಗ್ಗೆ ಯಾರು ಬೇಕಾದರೂ ಅಭಿಪ್ರಾಯ ಬರೆದು ಕಳಿಸಬಹುದು, ಅಲ್ಲಿ ಪ್ರಾರ್ಥನೆಗೆ ಹೋಗುವವರೇ ಆಗಬೇಕೆಂದಿಲ್ಲ.

ಮಾತು ಮುಗಿದ ಮೇಲೆ ಕೆಲವರು ಪ್ರಶ್ನೆ ಕೇಳಿದರು. ಅದರಲ್ಲಿ ಒಂದನ್ನು ಇಲ್ಲಿ ಬರೆಯಲೇಬೇಕು. ಮುಂದಿನ ಸಾಲಿನಲ್ಲಿದ್ದ ಒಬ್ಬ ಅಮ್ಮ, ಮಗಳ ಮನೆಗೆ ಬಂದವರು, ಕೇಳಿದರು. "ಅಲ್ಲಪ್ಪಾ, ಚರ್ಚ್ ಮಾರಿದರೆ ಅಂಗಳದಲ್ಲಿ ಮಲಗಿರೋರನ್ನ ಏನು ಮಾಡ್ತಾರೆ?"

ಹಾಲ್ ಒಂದು ಕ್ಷಣ ಸುಮ್ಮನಾಯಿತು. ನಾನು ಹೇಳಿದೆ: ಅಮ್ಮಾ, ಎಷ್ಟೋ ಸಲ ಸಮಾಧಿ ಅಂಗಳವನ್ನು ಕಟ್ಟಡದ ಜೊತೆ ಮಾರುವುದಿಲ್ಲ. ಮಾರಿದರೂ ಸಂಬಂಧಿಕರು ಬಂದು ಹೂವಿಟ್ಟು ಹೋಗಲು ದಾರಿ ಬಿಡಬೇಕು ಎಂದು ಕರಾರಿನಲ್ಲಿ ಬರೆಸುತ್ತಾರೆ. ಹೂಳಿದವರನ್ನು ಸುಮ್ನೆ ಎತ್ತುವ ಹಾಗಿಲ್ಲ, ಅದಕ್ಕೆ ಬೇರೆ ಕಾನೂನು ಇದೆ. ಅವರು ತಲೆಯಾಡಿಸಿದರು. "ಹಾಗಾದ್ರೆ ಸರಿ" ಅಂದರು.

ಈ ಚರ್ಚಿನ ಕಮಿಟಿಯವರು ಒಂದು ಪ್ರಶ್ನೆ ಹಾಳೆ ಮಾಡಿದ್ದಾರೆ, ಬಾಗಿಲ ಪಕ್ಕದ ಮೇಜಿನ ಮೇಲಿತ್ತು. ಎರಡು ಪುಟ. ಈ ಕಟ್ಟಡದಲ್ಲಿ ನಿಮಗೆ ಯಾವುದು ಮುಖ್ಯ, ಏನಿದ್ದರೆ ಜಾಸ್ತಿ ಬರುತ್ತೀರಿ, ನೀವು ಯಾವ ಕೆಲಸಕ್ಕೆ ಕೈ ಜೋಡಿಸಬಲ್ಲಿರಿ ಎಂದು ಕೇಳಿದ್ದಾರೆ. ಕಾಫಿ ಹೊತ್ತಿಗೆ ಅದರ ಸುತ್ತ ಜನ ಸೇರಿದ್ದರು. ಆ ಅಮ್ಮ ಮೊಮ್ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಕನ್ನಡದಲ್ಲಿ ಹೇಳುತ್ತಿದ್ದರು, ಅವಳು ಇಂಗ್ಲಿಷಿನಲ್ಲಿ ಬರೆಯುತ್ತಿದ್ದಳು. ಕೊನೆಯ ಪ್ರಶ್ನೆಗೆ ಅವರು ಬರೆಸಿದ್ದು: "ಬೇಸಿಗೆಯಲ್ಲಿ ಬಂದಾಗ ಅಂಗಳದ ಹೂಗಿಡಕ್ಕೆ ನೀರು ಹಾಕುತ್ತೇನೆ."